ಶಾವಿಗೆ ಬೆಂದಾಗ ಆಮೆನ್

ಗುನ್ಸಾನ್ ಬಂದರಿನ ಹಿಂದಿನ ಓಣಿಯ ಚರ್ಚಿನಲ್ಲಿ ದೇವರ ಆಳ್ವಿಕೆ ಮೇಲಿನ ಮಹಡಿಯಲ್ಲಿ, ಮಾಲ್ಸುನ್ ಅಜ್ಜಿಯದು ನೆಲಮಾಳಿಗೆಯಲ್ಲಿ. ಭಾನುವಾರ ಆರಾಧನೆ ಮುಗಿಸಿ ಬರುವವರಿಗೆಲ್ಲ ಊಟ ಅವಳದೇ: ಒಣಮೀನಿನ ಬಿಸಿ ಸಾರಿನಲ್ಲಿ ಶಾವಿಗೆ, ಮೇಲೆ ಮೊಟ್ಟೆಯ ಎಳೆ, ಪಕ್ಕಕ್ಕೆ ಕಿಮ್ಚಿ. ಮೊದಲು ಮೀನುಪೇಟೆಯಲ್ಲಿ ಸೀಗಡಿ ಕೂಗಿ ಮಾರುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು, ಗಂಟಲು ಮುಚ್ಚಲಿಲ್ಲ. ಚರ್ಚು ಕೊಟ್ಟ ಹಿರಿತನದ ಹೆಸರು ಹಿಡಿದು ಎಲ್ಲರೂ ಅವಳನ್ನು ಕ್ವನ್ಸಾನಿಮ್ ಎನ್ನುತ್ತಾರೆ.

ಗೋಡೆಯ ಸ್ಪೀಕರಿನಲ್ಲಿ ಕೊನೆಯ ಕೀರ್ತನೆ ಕೇಳಿದ ಕೂಡಲೇ ಅವಳ ಶಾವಿಗೆ ಕುದಿನೀರಿಗೆ ಬೀಳಬೇಕು. ಚರಣಗಳು ಮುಗಿದು, ಆಶೀರ್ವಾದವಾಗಿ, ಜನ ಮೆಟ್ಟಿಲಿಳಿಯುವಷ್ಟರಲ್ಲಿ ಹದವಾಗಿ ಬಟ್ಟಲಿನಲ್ಲಿರಬೇಕು. ಹಳೆಯ ಪಾಸ್ಟರ್ ಇರುವವರೆಗೆ ಈ ಲೆಕ್ಕ ತಪ್ಪಿರಲಿಲ್ಲ.

ಆಮೇಲೆ ಹೊಸ ಪಾಸ್ಟರ್ ತಾಕ್ ಬಂದರು. ಜೀನ್ಸು, ಕೆನ್ನೆಗೆ ಅಂಟಿದ ಮೈಕು, ಹಿಂದೆ ಡ್ರಮ್ಮು, ಗಿಟಾರು. ಕೊನೆಯ ಹಾಡಿನ ಪಲ್ಲವಿ ಬಂತೆಂದರೆ ಅವರು ಕಣ್ಣು ಮುಚ್ಚಿ ಕೈಯೆತ್ತಿ, "ಇನ್ನೊಂದ್ಸಲ!" ಎನ್ನುವರು. ಮುಗಿಯಿತೆಂದುಕೊಂಡರೆ, "ಈಗ ಮೆಲ್ಲಗೆ!" ಮೇಲೆ ಭಕ್ತಿ ಉಕ್ಕುತ್ತಿತ್ತು, ಕೆಳಗೆ ಶಾವಿಗೆ ಉಬ್ಬುತ್ತಿತ್ತು. ವಾರವಾರವೂ ಜನ ಗೋಡೆಗೆ ಪೋಸ್ಟರ್ ಅಂಟಿಸಬಹುದಾದಂಥ ಮುದ್ದೆ ತಿಂದು ಹೋದರು.

"ತಡವಾಗಿ ಹಾಕೋಣ್ವಾ ಅಕ್ಕಾ?" ಎಂದಳು ಜೊತೆಗೆ ಅಡುಗೆ ಮಾಡುವ ದೊಕ್ಸಿಮ್.

"ಹಾಕು. ಹಸಿದವರು ಬಂದು ನಿನ್ನನ್ನೇ ಬೇಯಿಸ್ಕೊಂಡು ತಿಂತಾರೆ."

ಕೊನೆಗೆ ಪಾಸ್ಟರೇ ಕೆಳಗಿಳಿದು ಬಂದರು. "ಕ್ವನ್ಸಾನಿಮ್, ಈ ವಯಸ್ಸಲ್ಲಿ ನಿಮಗ್ಯಾಕೆ ಕಷ್ಟ? ಇನ್ಮೇಲೆ ಬನ್ನು, ಕಾಫಿ ಸಾಕು. ಅಡುಗೆಮನೆ ಮುಚ್ಬಿಡೋಣ. ನೀವೂ ಮೇಲೆ ಬಂದು ಆರಾಧನೆ ಮಾಡಿ."

ಅಜ್ಜಿಯ ಕೈಯಲ್ಲಿದ್ದ ಸೌಟು ನಿಂತಿತು. "ಇನ್ನೊಂದು ಭಾನುವಾರ ಕೊಡಿ ಪಾಸ್ಟ್ರೇ. ಅವತ್ತೂ ಮುದ್ದೆ ಆದ್ರೆ ನಾನೇ ನಿಂತು ಬನ್ನು ಹಂಚ್ತೀನಿ."

ಆ ಭಾನುವಾರ ಕೊನೆಯ ಹಾಡು ಶುರುವಾಯಿತು. ಶಾವಿಗೆ ನೀರಿಗೆ ಬಿತ್ತು. ಪಲ್ಲವಿ ಬಂತು, ಮತ್ತೆ ಬಂತು. ಅಜ್ಜಿ ಶಾವಿಗೆ ತಿರುವುವ ಉದ್ದ ಕಡ್ಡಿಗಳಿಂದ ಒಂದೆಳೆ ಎತ್ತಿ ಕಚ್ಚಿ ನೋಡಿದಳು. ಹದ! "ಬಸಿ!" ಎಂದು ಕೂಗಿ, ಏಪ್ರನ್ನಿನಲ್ಲೇ ಮೆಟ್ಟಿಲು ಹತ್ತತೊಡಗಿದಳು.

"ಅಕ್ಕಾ, ಎಲ್ಲಿಗೆ?"

"ಪಾಸ್ಟ್ರು ಹೇಳಿದಾರಲ್ಲ, ಮೇಲೆ ಬಂದು ಆರಾಧನೆ ಮಾಡಿ ಅಂತ!"

ಮೇಲೆ ಪಾಸ್ಟರ್ ತಾಕ್ ಕಣ್ಣು ಮುಚ್ಚಿ, ಕೈಯೆತ್ತಿ, "ಇನ್ನೊಂ..." ಎನ್ನುವಷ್ಟರಲ್ಲಿ ಹಿಂಬಾಗಿಲಿನಿಂದ ಮೀನುಪೇಟೆಯ ಆ ಗಂಟಲು ಮೊಳಗಿತು.

"ಆಆಆ...ಮೆನ್!"

ಒಬ್ಬರು ಆಮೆನ್ ಅಂದಮೇಲೆ ಉಳಿದವರು ಸುಮ್ಮನಿರುವುದುಂಟೇ? ಭಕ್ತಿಗೆ ಹಸಿವೂ ಸೇರಿ ಇಡೀ ಸಭೆ "ಆಮೆನ್!" ಎಂದಿತು. ಮುಗಿಯಿತೆಂದುಕೊಂಡ ಡ್ರಮ್ಮಿನವನು ಠಣ್ಣೆಂದು ತಾಳ ಬಾರಿಸಿ ಕೋಲು ಕೆಳಗಿಟ್ಟ.

ಪಾಸ್ಟರ್ ಕಣ್ಣು ಬಿಟ್ಟರು. ಬಾಗಿಲಲ್ಲಿ ಅಜ್ಜಿ ಕಣ್ಣು ಮುಚ್ಚಿ ಪರವಶಳಾಗಿ ನಿಂತಿದ್ದಳು. ಎತ್ತಿದ ಕೈಯ ಉದ್ದ ಕಡ್ಡಿಗಳಿಂದ ಶಾವಿಗೆ ನೀರು ತೊಟ್ಟಿಕ್ಕುತ್ತಿತ್ತು. ಆಮೆನ್ ಅಂದವಳನ್ನು ಬೈಯುವುದು ಹೇಗೆ? ಎತ್ತಿದ ತಮ್ಮ ಕೈಯನ್ನು ಇಳಿಸುವುದಾದರೂ ಹೇಗೆ? ಅದೇ ಕೈಯಿಂದ ಆಶೀರ್ವಾದ ಮಾಡಿ ಮುಗಿಸಿದರು.

ಕೆಳಗೆ ಊಟಕ್ಕೆ ಕೂತವರ ಗಂಟಲಲ್ಲಿ ಶಾವಿಗೆ ನುಣುಪಾಗಿ ಜಾರಿತು. ಪಾಸ್ಟರ್ ಎರಡನೆಯ ಬಟ್ಟಲಿಗೆ ಕೈಚಾಚಿದರು.

"ಇವತ್ತು ನಿಮಗೆ ಆತ್ಮದ ಪ್ರೇರಣೆ ಜೋರಾಗಿತ್ತು, ಕ್ವನ್ಸಾನಿಮ್."

"ಒಲೆ ಉರಿನೂ ಜೋರಾಗಿತ್ತು, ಪಾಸ್ಟ್ರೇ."

"ಬನ್ನಿಗೆ ಹೇಳ್ಬಿಟ್ಟಿದ್ದೆ..."

"ಡ್ರಮ್ ಹುಡುಗನಿಗೆ ಕೊಡಿ. ಬಡಿದು ಬಡಿದು ಸುಸ್ತಾಗಿರ್ತಾನೆ."

ಪಾಸ್ಟರ್ ಸಾರು ಸೊರ್ರೆಂದು ಕುಡಿದು ಬಟ್ಟಲು ಕೆಳಗಿಟ್ಟರು. "ಮುಂದಿನ ವಾರ ನೀವು ಮೆಟ್ಟಿಲು ಹತ್ತೋದು ಬೇಡ. ಅಡುಗೆಮನೆಯಲ್ಲೂ ಒಂದು ಮೈಕು ಹಾಕಿಸ್ತೀನಿ."

"ಮೈಕಾ?" ಅಜ್ಜಿ ಅವರ ಬಟ್ಟಲಿಗೆ ಇನ್ನೊಂದು ಹಿಡಿ ಶಾವಿಗೆ ಹಾಕಿದಳು. "ನನಗ್ಯಾಕೆ?"