ಪೂರ್ವದ ಬಾಗಿಲು

ಜಲಜಾಳಿಗೆ ಮನೆ ಬದಲಿಸುವುದೇ ಬೇಡವಾಗಿತ್ತು. ಹಳೆಯ ಮನೆಗೆ ಏನು ಕೇಡಾಗಿತ್ತು? ಅಡುಗೆಮನೆ ಇಕ್ಕಟ್ಟು, ನಿಜ. ಒಬ್ಬರು ದೋಸೆ ಹುಯ್ಯುತ್ತಿದ್ದರೆ ಇನ್ನೊಬ್ಬರು ಫ್ರಿಜ್ಜಿನ ಬಾಗಿಲು ತೆಗೆಯುವ ಹಾಗಿರಲಿಲ್ಲ. ಆದರೆ ದೊಡ್ಡ ತಪ್ಪೆಂದರೆ ಆ ಮನೆಯ ಬಾಗಿಲು ದಕ್ಷಿಣಕ್ಕಿತ್ತು. ಮಗಳು ಅಮೂಲ್ಯಳಿಗೆ ಜ್ವರ ಬಂದದ್ದು, ಗಂಡ ಮಧುಕರನಿಗೆ ಪ್ರಮೋಷನ್ ತಪ್ಪಿದ್ದು, ಎಲ್ಲಕ್ಕೂ ಆ ಬಾಗಿಲೇ ಕಾರಣವೆಂದು ಮೈಸೂರಿನಲ್ಲಿ ಕೂತ ಅತ್ತೆ ಚಂದ್ರಪ್ರಭಾ ವಿಡಿಯೋ ಕಾಲಿನಲ್ಲೇ ಪತ್ತೆ ಹಚ್ಚಿದ್ದರು.

ಮಧುಕರ ಜಪಾನಿನ ಕಾವಾಸಾಕಿ ನಗರದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಯಾರು ಏನು ಹೇಳಿದರೂ ಪುರಾವೆ ಕೇಳುವ ಪ್ರಾಣಿ. ಅಮ್ಮನ ಮಾತಿಗೆ ಮಾತ್ರ ಪುರಾವೆ ಬೇಕಿರಲಿಲ್ಲ. ಫೋನಿನಲ್ಲಿ ದಿಕ್ಸೂಚಿ ತೆರೆದುಕೊಂಡು ಭಾನುವಾರಗಳೆಲ್ಲ ಅಲೆದ. ಕೊನೆಗೂ ಸಿಕ್ಕಿತು. ಪೂರ್ವದ ಬಾಗಿಲು, ಅಗಲವಾದ ಅಡುಗೆಮನೆ, ಅದೇ ಸ್ಟೇಷನ್ನು, ಹಗಲೂ ರಾತ್ರಿ ತೆರೆದಿರುವ ಅದೇ ಕೊಂಬಿನಿ ಅಂಗಡಿ. ಹಳೆಯ ಮನೆಯಿಂದ ಒಂದು ರಸ್ತೆ ದಾಟಿದರಾಯಿತು.

"ಅಮೂಲ್ಯನ ಡೇಕೇರ್ ಎದುರಿಗೇ ಇದೆ ನೋಡು. ಬಾಗಿಲಲ್ಲಿ ನಿಂತ್ರೆ ಮಗು ಆಡೋದು ಕಾಣತ್ತೆ," ಎಂದ.

ಆ ಮಾತಿಗೆ ಜಲಜಾ ಸೋತಳು.

ಡೇಕೇರ್ ಎಂದರೆ ಅವಳಿಗೆ ಪ್ರಾಣ. ಬೆಂಗಳೂರಿನಲ್ಲಿ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದಳು. ನಗರಸಭೆಯ ಡೇಕೇರಿಗೆ ಹಾಕಿದ ಅರ್ಜಿ ಒಂದಲ್ಲ, ಎರಡು ವರ್ಷ ವಾಪಸ್ ಬಂದಿತ್ತು. ಮೂರನೆಯ ಸಲ ಸೀಟು ಸಿಕ್ಕಿದಾಗ ಅವಳು ಅತ್ತ ಹಾಗೆ ಪಿಯುಸಿ ರಿಸಲ್ಟಿನ ದಿನವೂ ಅತ್ತಿರಲಿಲ್ಲ. ಆ ಸೀಟಿದ್ದದ್ದಕ್ಕೇ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಬಿಳಿ ಕೋಟು ಹಾಕಿಕೊಂಡು ಮಿಸೊ, ಸೋಯಾ ಸಾಸಿನ ಮಾದರಿಗಳನ್ನು ಪರೀಕ್ಷಿಸುವಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ, ಜಲಜಾ-ಸಾನ್.

ಒಳ್ಳೆಯ ದಿನ ನೋಡಿ ಹೊಸ ಮನೆ ಹೊಕ್ಕರು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಅತ್ತೆ ನೋಡುತ್ತಿದ್ದಂತೆ ಮಧುಕರ ಹಾಲು ಉಕ್ಕಿಸಿದ. ಹಾಲು ಚೆನ್ನಾಗಿಯೇ ಉಕ್ಕಿತು.

ಮೊದಲ ಅಪಶಕುನ ಕಸದ ಚೀಲದ್ದು. ಎಂದಿನ ದಿನವೇ ಹೊರಗಿಟ್ಟ ಚೀಲವನ್ನು ಕಸದವರು ಮುಟ್ಟದೆ, ಮೇಲೊಂದು ಚೀಟಿ ಅಂಟಿಸಿ ಹೋಗಿದ್ದರು: ಇಲ್ಲಿ ಕಸ ಒಯ್ಯುವ ದಿನ ಇದಲ್ಲ. ರಸ್ತೆಯ ಆ ಕಡೆ ಮಾತ್ರ ಎಲ್ಲರ ಚೀಲಗಳೂ ಹೋಗಿದ್ದವು. ಇದೆಂಥ ತಲೆಹರಟೆ ಎಂದು ಜಲಜಾ ಗೊಣಗಿಕೊಂಡು ಚೀಲವನ್ನು ಒಳಗೆ ತಂದಳು.

ವಿಷಯ ತಿಳಿದದ್ದು ವಿಳಾಸ ಬದಲಿಸಲು ವಾರ್ಡ್ ಆಫೀಸಿಗೆ ಹೋದಾಗ. ಕೌಂಟರಿನ ಹೆಂಗಸು ಹೊಸ ವಿಳಾಸ ಓದಿ, ತಲೆ ಓರೆ ಮಾಡಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡಳು. ಈ ದೇಶದಲ್ಲಿ ಹಾಗೆ ಉಸಿರೆಳೆದುಕೊಂಡರೆ ಕೆಲಸ ಕೆಟ್ಟಿತೆಂದೇ ಅರ್ಥ.

"ಮಗು ನಮ್ಮ ಡೇಕೇರಿಗೆ ಹೋಗ್ತಿದೆಯಲ್ಲವೇ?" ಎಂದು ಕೇಳಿ, ಒಳಗಿಂದ ನಕ್ಷೆ ತಂದು ಹರಡಿದಳು. ಬೆರಳು ಆ ರಸ್ತೆಯ ನಟ್ಟನಡುವೆ ಸರಿಯಿತು. ಡೇಕೇರಿನ ಕಡೆ ಕಾವಾಸಾಕಿ, ಹೊಸ ಮನೆಯ ಕಡೆ ಯೊಕೊಹಾಮಾ. ವಾರ್ಡಲ್ಲ, ನಗರವೇ ಬೇರೆ. ತಿಂಗಳು ಮುಗಿದರೆ ಸೀಟೂ ಮುಗಿಯಿತು. ಹೊರಗಿನವರಾಗಿ ಮತ್ತೆ ಅರ್ಜಿ ಹಾಕಬಹುದು, ಆದರೆ ಊರಿನ ಮಕ್ಕಳಿಗೆ ಮೊದಲ ಹಕ್ಕು.

"ನಡುವೆ ಒಂದು ರಸ್ತೆ ಅಷ್ಟೇ," ಎಂದಳು ಜಲಜಾ. "ನನ್ನ ಮಗಳು ಅಲ್ಲಿಂದ ಕೂಗಿದರೆ ನನಗೆ ಕೇಳಿಸುತ್ತೆ."

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಕೌಂಟರಿನವಳು ಬಾಗಿದಳು. ಕೌಂಟರಿನಾಚೆ ಇದ್ದ ಇನ್ನಿಬ್ಬರೂ ಸೇರಿ ಬಾಗಿದರು. ಜಲಜಾಳಿಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಚೆಂದವಾಗಿ ಬಾಗಿ ನಿಂತವರ ಜೊತೆ ಜಗಳವಾಡುವುದು ಹೇಗೆ?

ಆ ಸಿಟ್ಟನ್ನೆಲ್ಲ ಹೊತ್ತು ಮನೆಗೆ ಬಂದಳು.

"ಅಗ್ರಿಮೆಂಟಲ್ಲಿ ಯೊಕೊಹಾಮಾ ಅಂತ ಇತ್ತಲ್ಲ, ನೋಡ್ಲಿಲ್ವಾ ನೀವು?"

"ನೋಡ್ದೆ ಕಣೇ. ಜಯನಗರ ಬಿಟ್ಟು ಬನಶಂಕರಿಗೆ ಹೋದ ಹಾಗೆ ಅಂದ್ಕೊಂಡೆ. ಬೆಂಗಳೂರಲ್ಲಿ ನಮ್ಮದು ಯಾವ ವಾರ್ಡು ಅಂತ ಯಾವತ್ತಾದ್ರೂ ಕೇಳಿದೀವಾ?"

"ದಿಕ್ಕು ಮಾತ್ರ ಡಿಗ್ರಿ ಲೆಕ್ಕದಲ್ಲಿ ನೋಡಿದ್ರಲ್ಲ! ನಡೀರಿ, ಹಳೇ ಮನೆಗೇ ವಾಪಸ್ ಹೋಗೋಣ."

"ಅದು ಹೇಗಾಗತ್ತೆ? ಹಾಲು ಉಕ್ಕಿಸಾಗಿದೆ. ಅಮ್ಮ ಏನಂತಾರೆ?"

"ಉಕ್ಕಿಸಿದ್ದು ನೀವು. ಒಲೆ ಒರೆಸಿದ್ದು ನಾನು."

ಜಲಜಾ ತಾನೇ ಏಜೆಂಟನಿಗೆ ಫೋನ್ ಮಾಡಿದಳು. ಹಳೆಯ ಮನೆಗೆ ಆಗಲೇ ಬೇರೆಯವರು ಸಹಿ ಹಾಕಿದ್ದರು. ಯೊಕೊಹಾಮಾದ ಡೇಕೇರುಗಳಲ್ಲಿ ವಿಚಾರಿಸಿದರೆ ಅಲ್ಲಿ ಉದ್ದದ ಸರದಿ. ಲ್ಯಾಬಿನ ಮುಖ್ಯಸ್ಥ ಹೊಶಿನೊ-ಸಾನ್ ಒಂದಿಷ್ಟು ದಿನ ಕಾದರು, ಆಮೇಲೆ ಅವರೂ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡರು. ಜಲಜಾ ಬಿಳಿ ಕೋಟನ್ನು ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸಿದಳು. ಬರುವಾಗ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತು ಅತ್ತಳು.

ಈಗ ಬೆಳಿಗ್ಗೆ ಬಾಗಿಲು ತೆಗೆದರೆ ಬಿಸಿಲು ನೇರ ಒಳಗೆ ಬರುತ್ತದೆ, ಅದರಲ್ಲಿ ಮೋಸವಿಲ್ಲ. ರಸ್ತೆಯಾಚೆ ಹಳದಿ ಟೋಪಿಯ ಮಕ್ಕಳು ಅಂಗಳದಲ್ಲಿ ಆಡುತ್ತಿರುತ್ತಾರೆ. ಅಮೂಲ್ಯ ತನ್ನ ಹಳದಿ ಟೋಪಿ ಹಾಕಿಕೊಂಡು ಬಾಗಿಲ ಮುಂದಿನ ಕಂಬಿ ಹಿಡಿದು ನಿಲ್ಲುತ್ತಾಳೆ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಾಳೆ. ಟೀಚರು ಕೈಬೀಸಿ, ಜಲಜಾಳ ಕಡೆ ತಿರುಗಿ ತಲೆ ಬಾಗಿಸುತ್ತಾರೆ.

ಒಂದು ಶನಿವಾರ ಹಾಗೆ ನಿಂತಿದ್ದಾಗಲೇ ಅತ್ತೆಯ ಕಾಲ್ ಬಂತು. ಜಲಜಾ ಕೆಲಸ ಬಿಟ್ಟದ್ದನ್ನು ಮಧುಕರ ಅಮ್ಮನಿಗೆ ಹೇಳಿದ್ದ, "ಸ್ವಲ್ಪ ರೆಸ್ಟ್ ತಗೋತಿದಾಳೆ" ಎಂದು. ಏಕೆಂದು ಹೇಳಿರಲಿಲ್ಲ, ಡೇಕೇರಿನ ಸೀಟು ಹೋದದ್ದನ್ನೂ ಹೇಳಿರಲಿಲ್ಲ.

"ಬಾಗಿಲ ಎದುರಿಗೆ ಏನಿದೆ, ತೋರಿಸಮ್ಮ ಒಂದ್ಸಲ," ಎಂದರು ಚಂದ್ರಪ್ರಭಾ. ಜಲಜಾ ಫೋನನ್ನು ರಸ್ತೆಯ ಕಡೆ ತಿರುಗಿಸಿದಳು.

"ಅಯ್ಯೋ, ಮಕ್ಕಳ ಶಾಲೆ! ನಾನು ಹೇಳ್ಲಿಲ್ವಾ, ಪೂರ್ವದ ಬಾಗಿಲಂದ್ರೆ ಸುಮ್ನೆ ಅಲ್ಲ. ಸರಸ್ವತಿ ಎದುರಿಗೇ ಕೂತಿದಾಳೆ. ಎಲ್ಲೋ ಇರೋ ಆ ಡೇಕೇರ್ ಯಾಕೆ, ಮಗೂನ ಇಲ್ಲಿಗೇ ಸೇರಿಸ್ಬಿಡಿ."

ಒಳಗೆ ಮಧುಕರ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಜಲಜಾ ಹೋಗಿ ಫೋನನ್ನು ಅವನ ತಟ್ಟೆಯ ಪಕ್ಕ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು.

"ಹೇಳಿ," ಎಂದಳು. "ಇದನ್ನ ನಾನು ಒರೆಸಲ್ಲ."