ಭಯ ಎಷ್ಟಾಣೆ ಎಂದು ಕೇಳಿದವರು

ಮನಸ್ಸಿನ ಕಾಯಿಲೆಗಳ ಚಿಕಿತ್ಸೆಯಲ್ಲಿ ನಮ್ಮ ನಾಡಿನ ದೊಡ್ಡ ಹೆಸರುಗಳೆಲ್ಲ ಬೆಂಗಳೂರಿನವು. ಅಲ್ಲಿನ ಪಂಡಿತರ ಪ್ರಬಂಧಗಳು ಇಂಗ್ಲಿಷಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲೇ ಚರ್ಚೆಯಾಗಿ, ಇಂಗ್ಲಿಷಿನಲ್ಲೇ ಕಪಾಟು ಸೇರುತ್ತವೆ. ಆ ವಿದ್ಯೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ದಾದಿಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕನ್ನಡದಲ್ಲಿ, ಅದೂ ಹಳ್ಳಿಯವರು ತಲೆಯಾಡಿಸುವಂಥ ಕನ್ನಡದಲ್ಲಿ ಕಲಿಸಿದವರು ಕುಮಾರಿ ಚೂಡಾಮಣಿಯವರು. ಮೊದಲು ವರ್ತನಾ ಚಿಕಿತ್ಸೆ ಎನ್ನುತ್ತಿದ್ದ, ಈಚೆಗೆ ರೋಗಿಯ ಯೋಚನೆಯನ್ನೂ ಸೇರಿಸಿಕೊಂಡು ಅರಿವು-ವರ್ತನಾ ಚಿಕಿತ್ಸೆ ಎಂದು ಹೆಸರಿಡುತ್ತಿರುವ ಆ ಪದ್ಧತಿಗೆ ಈ ಜಿಲ್ಲೆಯಲ್ಲಿ ಅವರೇ ಮೊದಲ ಗುರು, ಬಹುಶಃ ಕೊನೆಯ ಗುರುವೂ ಹೌದು. ಅವರು ಈ ವರ್ಷ, 1979ರಲ್ಲಿ, ಐವತ್ತೈದು ತುಂಬಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಯಾರನ್ನೂ ನೇಮಿಸಿಲ್ಲ.

ಅವರಿಗೆಂದು ಈ ಸಂಪುಟ ತರುತ್ತಿರುವ ಅಭಿನಂದನ ಸಮಿತಿಯವರು ಲೇಖನದಲ್ಲಿ ಸವಿನೆನಪುಗಳಷ್ಟೇ ಇರಲಿ ಎಂದು ಕೋರಿದ್ದಾರೆ. ಇದ್ದ ಸವಿಯನ್ನು ಮೊದಲೇ ಬಡಿಸಿಬಿಡುವುದು ಒಳ್ಳೆಯದು.

ಮಂಡ್ಯದ ಶಾಲಾ ಮಾಸ್ತರೊಬ್ಬರ ಮಗಳಾದ ಚೂಡಾಮಣಿಯವರು ಮದುವೆಯಾಗಲಿಲ್ಲ. ಯಾಕೆಂದು ಕೇಳಿದ ನೆಂಟರಿಗೆ ‘ಪುರುಸೊತ್ತಾಗಲಿಲ್ಲ’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳ ದಾದಿಯಾಗಿ ಬಹುಕಾಲ ದುಡಿದು, ಅಲ್ಲಿಯೇ ಈ ಹೊಸ ಪದ್ಧತಿಯ ತರಬೇತಿ ಪಡೆದು, 1973ರಲ್ಲಿ ತರಬೇತುದಾರರಾಗಿ ತಮ್ಮ ಊರಿಗೇ ಮರಳಿದರು. ಮಂಡ್ಯದಲ್ಲಿ ಒಂದು ಬಾಡಿಗೆ ಮನೆಯ ಹಜಾರ, ಮದ್ದೂರಿನಲ್ಲಿ ಛತ್ರದ ಹಿಂಭಾಗ, ಮಳವಳ್ಳಿಯಲ್ಲಿ ಪ್ರತಿ ಶುಕ್ರವಾರ ಶಾಲೆಯೊಂದರ ಖಾಲಿ ಕೋಣೆ: ಇವೇ ಅವರ ವಿದ್ಯಾಪೀಠ. ಒಂದು ಕಪ್ಪು ಹಲಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಆ ಬಿಳಿ ಸೀರೆಯ ಹೆಂಗಸನ್ನು ಕಂಡಕ್ಟರುಗಳು ‘ಬೋರ್ಡಮ್ಮ’ ಎಂದೇ ಕರೆಯುತ್ತಿದ್ದರು.

ಪದ್ಧತಿಯ ಪುಸ್ತಕದಲ್ಲಿ ಭಯವನ್ನು ನೂರಕ್ಕೆ ಇಷ್ಟು ಎಂದು ಅಳೆಯಬೇಕೆಂದಿತ್ತು. ನೂರರ ಲೆಕ್ಕ ಹಳ್ಳಿಯವರ ತಲೆಗೆ ಹತ್ತುವುದಿಲ್ಲವೆಂದು ಚೂಡಾಮಣಿಯವರು ರೂಪಾಯಿಗೆ ಹದಿನಾರಾಣೆಯ ಹಳೆಯ ಲೆಕ್ಕ ತಂದರು. ಚಲಾವಣೆಯಿಂದ ಆಣೆ ಹೋಗಿದ್ದರೂ ಜನರ ಬಾಯಿಂದ ಹೋಗಿರಲಿಲ್ಲವಲ್ಲ. ‘ಭಯ ಎಷ್ಟಾಣೆ?’ ಎಂದರೆ ಅಜ್ಜಿಯರೂ ಥಟ್ಟನೆ ‘ಹನ್ನೆರಡಾಣೆ ಕಣಮ್ಮ’ ಎನ್ನುತ್ತಿದ್ದರು. ಆಮೇಲೆ ಆ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗೆ ಒಡ್ಡಬೇಕು. ಪ್ರತಿ ಮೆಟ್ಟಿಲಿನ ಕೊನೆಗೂ ಎರಡು ಪ್ರಶ್ನೆ ಕೇಳಬೇಕು: ಅಂದುಕೊಂಡಿದ್ದೇನು? ಆಗಿದ್ದೇನು? ಅವರ ಪಾಠವೆಲ್ಲ ಇಷ್ಟೇ.

ಕಲಿಯಲು ಬಂದವರು ಮೊದಲು ತಮ್ಮ ಭಯದ ಮೇಲೇ ಪ್ರಯೋಗ ಮಾಡಿಕೊಳ್ಳಬೇಕೆಂಬುದು ಕಟ್ಟುನಿಟ್ಟು. ಕಾಂಪೌಂಡರ್ ಶ್ಯಾಮಣ್ಣನವರಿಗೆ ನಾಲ್ಕು ಜನ ನಗುತ್ತಾರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅವರನ್ನು ಮದ್ದೂರಿನ ತುಂಬಿದ ಹೋಟೆಲಿಗೆ ಕಳಿಸಿ, ನೀರು ಕುಡಿದು, ಏನೂ ತಿನ್ನದೆ ಎದ್ದು ಬರಬೇಕೆಂದು ಹೇಳಿದರು. ಬೆವರಿನಲ್ಲಿ ತೊಯ್ದು ಹೊರಬಂದ ಶ್ಯಾಮಣ್ಣನವರು ‘ಮಾಲೀಕ ಬೈದು ಅಟ್ತಾನೆ ಅಂದ್ಕೊಂಡಿದ್ದೆ ಮೇಡಂ, ಅವನು ತಲೆ ಎತ್ತಿ ನೋಡಲೂ ಇಲ್ಲ’ ಎಂದಾಗ ಅವರ ದನಿಯಲ್ಲಿ ಸ್ವಲ್ಪ ಅವಮಾನವೂ ಇತ್ತು.

ಆರೋಗ್ಯ ಕಾರ್ಯಕರ್ತ ಕರಿಯಪ್ಪನವರ ಭಯ ಬೇರೆ. ಮೇಲಧಿಕಾರಿ ಎದುರು ನಿಂತರೆ ಅವರ ನಾಲಿಗೆ ಬಿದ್ದುಹೋಗುತ್ತಿತ್ತು. ಹೇಳಿದ್ದಕ್ಕೆಲ್ಲ ಹೂಂ ಎಂದು ಬಂದು ಆಮೇಲೆ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಚೂಡಾಮಣಿಯವರು ತಾವೇ ಸಾಹೇಬರಾಗಿ ಕುರ್ಚಿಯಲ್ಲಿ ಕೂತು, ಮೇಜು ಕುಟ್ಟಿ ಗದರಿಸಿ, ‘ಆಗಲ್ಲ ಸಾರ್’ ಎಂಬ ಎರಡು ಮಾತನ್ನು ಅವರ ಬಾಯಲ್ಲಿ ಹೇಳಿಸಲು ಒಂದು ಮಳೆಗಾಲವನ್ನೇ ಕಳೆದರು. ಕೊನೆಗೆ ಕರಿಯಪ್ಪ ಅದನ್ನು ಗಟ್ಟಿಯಾಗಿ ಹೇಳಿದ ದಿನ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಸವಿನೆನಪು ಇಲ್ಲಿಗೆ ಮುಗಿಯಿತು.

1976ರಲ್ಲಿ ಬೆಳಕವಾಡಿಯ ಶಿವನಂಜಮ್ಮ ತನ್ನ ಗಂಡ ಕೆಂಪಸಿದ್ದಯ್ಯನನ್ನು ಮಳವಳ್ಳಿಯ ಆ ಕೋಣೆಗೆ ಕರೆತಂದಳು. ಮೂವತ್ತರ ಆಸುಪಾಸಿನ ರೈತ. ಕಬ್ಬು ಕಡಿಯುವಾಗ ಮಚ್ಚು ತಾಗಿ ಕಾಲಿನ ಗಾಯ ಕೀವಾಗಿತ್ತು. ಆಸ್ಪತ್ರೆಗೆ ಮಾತ್ರ ಸುತರಾಂ ಒಲ್ಲ. ಹಿಂದೆ ಅವನ ಅಣ್ಣ ಹೊಟ್ಟೆನೋವೆಂದು ನಡೆದುಕೊಂಡು ಆಸ್ಪತ್ರೆಗೆ ಹೋದವನು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಹೆಣವಾಗಿ ಬಂದಿದ್ದ. ಅಂದಿನಿಂದ ಕೆಂಪಸಿದ್ದಯ್ಯನದು ಒಂದೇ ಮಾತು: ‘ಒಳೀಕೆ ಓದ್ರೆ ಮೈಯೊಳಗಿಂದ ಏನಾರ ಕಿತ್ಕತಾರೆ ಕಣಮ್ಮ. ಓದಂಗೆ ಬರಾಕಿಲ್ಲ ನಾನು.’ ಮದುವೆಯಾಗಿ ಎಂಟು ವರ್ಷವಾದರೂ ಆ ದಂಪತಿಗೆ ಮಕ್ಕಳಿರಲಿಲ್ಲ. ಹುಟ್ಟಿದ ಒಂದೇ ಕೂಸು ಹಿಂದಿನ ವರ್ಷ ತೀರಿಕೊಂಡಿತ್ತು.

ಚೂಡಾಮಣಿಯವರು ಅವನ ಮಾತನ್ನು ಹಲಗೆಯ ಮೇಲೆ ಬರೆದು, ಅದರ ಮುಂದೆ ‘ಆಧಾರವಿಲ್ಲದ ನಂಬಿಕೆ, ಹದಿನಾರಾಣೆ’ ಎಂದು ಸೇರಿಸಿದರು. ಜೊತೆಗಿದ್ದು ನಡೆಸುವ ಹೊಣೆಯನ್ನು ಕರಿಯಪ್ಪನವರಿಗೆ ವಹಿಸಿದರು. ಆ ಸೀಮೆಯ ಒಂದು ಆರೋಗ್ಯ ಕೇಂದ್ರದ, ಅದರ ಹೆಸರು ಇಲ್ಲಿ ಬೇಡ, ಗೇಟು ಮೊದಲನೆಯ ಮೆಟ್ಟಿಲು. ಒಳಗಿನ ಹೊಂಗೆಮರ ಎರಡನೆಯದು. ಆಮೇಲೆ ಪಡಸಾಲೆ, ಬೆಂಚು, ಕಡೆಗೆ ವೈದ್ಯರ ಕೋಣೆ. ಹೊಂಗೆಮರದ ದಿನ ತಾವೇ ಹೋಗಿ, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮಡಿಲಲ್ಲಿ ಕಡಲೆಕಾಯಿ ಸುರಿದುಕೊಂಡು ಸುಲಿಸುಲಿದು ಕೊಟ್ಟರು. ಸ್ವಲ್ಪ ಹೊತ್ತಿಗೆ ಅವನೂ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದ. ಬೆಂಚಿನ ಮೇಲೆ ಕೂತ ದಿನ ಭಯ ನಾಲ್ಕಾಣೆಗೆ ಇಳಿದಿತ್ತು. ಬಾಕಿ ಉಳಿದಿದ್ದು ಒಂದೇ ಮೆಟ್ಟಿಲು, ಅದಕ್ಕೆ ಕರಿಯಪ್ಪ ಒಬ್ಬರೇ ಸಾಕೆಂದು ಚೂಡಾಮಣಿಯವರು ಮಂಡ್ಯದಲ್ಲೇ ಉಳಿದರು.

ಮುಂದಿನ ಶುಕ್ರವಾರ ಮಳವಳ್ಳಿಯ ಕೋಣೆ ಶಿಕ್ಷಣಾರ್ಥಿಗಳಿಂದ ತುಂಬಿತ್ತು. ಪದ್ಧತಿಯ ಗೆಲುವನ್ನು ರೋಗಿಯ ಬಾಯಿಂದಲೇ ಕೇಳಿಸಬೇಕೆಂದು ಚೂಡಾಮಣಿಯವರು ಕೆಂಪಸಿದ್ದಯ್ಯನಿಗೆ ಹೇಳಿಕಳಿಸಿದ್ದರು. ಅವನು ಕುಂಟುತ್ತ ಬಂದ, ಹಿಂದೆ ಶಿವನಂಜಮ್ಮ. ಅವನು ಒಳಗೆ ಹೋಗಿದ್ದನೆಂಬುದಷ್ಟೇ ಚೂಡಾಮಣಿಯವರಿಗೆ ಗೊತ್ತಿತ್ತು. ಅವರ ಮುಖದಲ್ಲಿ ಆ ದಿನ ಇದ್ದ ಸಂತೋಷವನ್ನು ನೋಡಿದವರು ಅದನ್ನು ಮರೆತಿದ್ದರೆ ಒಳ್ಳೆಯದಿತ್ತು.

‘ಹೇಳಪ್ಪ ಕೆಂಪಸಿದ್ದಯ್ಯ, ಒಳಗೆ ಹೋದ್ರೆ ಏನಾಗುತ್ತೆ ಅಂದ್ಕೊಂಡಿದ್ದೆ?’

‘ಏನಾರ ಕಿತ್ಕತಾರೆ ಅನ್ಕಂಡಿದ್ದೆ.’

‘ಆಗಿದ್ದೇನು?’

‘ಕಿತ್ಕಂಡ್ರು.’

ತಮಾಷೆಯೆಂದು ತಿಳಿದು ಯಾರೋ ನಕ್ಕರು. ಆಗ ಶಿವನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು: ‘ಆಪ್ರೇಸನ್ ಮಾಡ್ಬುಟ್ರು ಕಣವ್ವ. ಕಾಲ್ಗೆ ಸೂಜಿ ಚುಚ್ತೀವಿ ಅಂತ ಮಲಗ್ಸಿ, ಮಕ್ಳಾಗ್ದಂಗೆ ಮಾಡ್ಬುಟ್ರು. ಮನೇಲಿ ಒಂದ್ ಕೂಸಾದ್ರೂ ಇದ್ದಿದ್ರೆ ಒಟ್ಟೆಗಾಕ್ಕತಿದ್ದೆ.’

ಅದು ತುರ್ತುಪರಿಸ್ಥಿತಿಯ ಕಾಲ. ಇಂತಿಷ್ಟು ಜನಕ್ಕೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಒಬ್ಬೊಬ್ಬ ಆರೋಗ್ಯ ಕಾರ್ಯಕರ್ತನಿಗೂ ಗುರಿ ಹಾಕಿದ್ದರು. ಕೆಂಪಸಿದ್ದಯ್ಯ ಕೊನೆಯ ಮೆಟ್ಟಿಲು ಹತ್ತಿದ್ದು ಅಂಥದೊಂದು ಶಿಬಿರದ ದಿನ. ಕಾಲಿನ ಗಾಯಕ್ಕೆ ಅವತ್ತು ಯಾರೂ ಔಷಧಿ ಹಾಕಲೇ ಇಲ್ಲ.

ಚೂಡಾಮಣಿಯವರ ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಹಲಗೆಯ ಮೇಲೆ ‘ನಾಲ್ಕಾಣೆ’ ಎಂದು ಮೊದಲೇ ಬರೆದಿಟ್ಟಿದ್ದರು. ಕೆಂಪಸಿದ್ದಯ್ಯ ಅದೇನೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡ.

‘ಅದ ಅಳ್ಸಿ. ಹದ್ನಾರಾಣೆ ಅಂತ ಬರೀರಿ’ ಎಂದ. ‘ಈಗ ಬಯ ಅಲ್ಲ ಕಣಮ್ಮ, ನಿಜ.’

ಅವರು ಅಳಿಸಿದರು. ಬರೆದರು. ಗುರುವಾದವರು ಎಷ್ಟೋ ಸಲ ಶಿಷ್ಯರ ಎದುರು ಸೋಲುವುದುಂಟು, ಆದರೆ ಹೀಗೆ ತಮ್ಮದೇ ಅಕ್ಷರದಲ್ಲಿ ಸೋಲನ್ನು ಬರೆಯಬೇಕಾಗಿ ಬಂದವರು ಕಡಿಮೆ.

ಕರಿಯಪ್ಪ ಹಿಂದಿನ ಸಾಲಿನಲ್ಲೇ ಕೂತಿದ್ದರು. ಹೊರಗೆ ಕರೆದು ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ: ‘ಆ ತಿಂಗ್ಳು ನನ್ ಕಡೆಯಿಂದ ಒಬ್ರೂ ಇರ್ಲಿಲ್ಲ ಮೇಡಂ. ಕೆಲ್ಸದಿಂದ ತೆಗೀತೀನಿ ಅಂತ ಸಾಹೇಬ್ರು ಮೇಜು ಕುಟ್ಟಿದ್ರು. ಆಗಲ್ಲ ಸಾರ್ ಅನ್ನಾಕೆ ಬಾಯೇ ಬರ್ನಿಲ್ಲ. ಬೇರೆಯೋರ್ನ ಕರೆದ್ರೆ ಕಬ್ಬಿನ ಗದ್ದೆ ಒಳೀಕೆ ಓಡೋಯ್ತಾರೆ. ನನ್ ಮಾತ ನಂಬ್ಕೊಂಡು ಬರೋನು ಇವ್ನೊಬ್ನೇ ಇದ್ದಿದ್ದು.’

‘ನಂಬೋ ಹಾಗೆ ಮಾಡಿದ್ದು ನಾನು, ಕರಿಯಪ್ಪ’ ಎಂದರು ಚೂಡಾಮಣಿಯವರು. ಅವರನ್ನು ಬೈಯಲಿಲ್ಲ. ಬೈದಿದ್ದರೆ ಕರಿಯಪ್ಪನವರಿಗೂ ಹಗುರವಾಗುತ್ತಿತ್ತೇನೋ.

ಚೂಡಾಮಣಿಯವರು ಮೇಲಿನವರ ಬಾಗಿಲು ಬಡಿದರು. ‘ದೇಶದ ಕೆಲಸ ನಡೀತಿರುವಾಗ ಒಬ್ಬನ ವಿಚಾರ ಹಿಡಕೊಂಡು ಕೂತರೆ ಹೇಗಮ್ಮ?’ ಎಂದು ಒಬ್ಬರು ಕಾಫಿ ಕುಡಿಸಿ ಕಳಿಸಿದರು. ಇನ್ನೊಬ್ಬರು ಕಾಫಿಯನ್ನೂ ಕುಡಿಸಲಿಲ್ಲ. ಸ್ವಲ್ಪ ದಿನಕ್ಕೆ, ಅವರಿಂದ ತರಬೇತಾದ ಕಾರ್ಯಕರ್ತರು ಜನರ ಹೆದರಿಕೆ ಬಿಡಿಸಿ ಶಿಬಿರಕ್ಕೆ ಕರೆತರುವುದರಲ್ಲಿ ಮುಂದಿದ್ದಾರೆಂದು ಪ್ರಶಂಸಾ ಪತ್ರವೇ ಬಂತು! ಸಮಾರಂಭದಲ್ಲಿ ಹೆಸರು ಕೂಗಿದಾಗ ಚೂಡಾಮಣಿಯವರು ವೇದಿಕೆ ಹತ್ತಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಪತ್ರ ಹಿಡಿದ ಗಣ್ಯರು ಅತ್ತಿತ್ತ ನೋಡಿ ಅದನ್ನು ಮೇಜಿನ ಮೇಲಿಟ್ಟರು. ಸರ್ಕಾರ ಬದಲಾದ ಮೇಲೆ ವಿಚಾರಣೆಗೆಂದು ಒಬ್ಬರು ಬಂದು, ಎಲ್ಲವನ್ನೂ ಕೇಳಿ, ಲೊಚಗುಟ್ಟಿ ಹೋದರು. ಕರಿಯಪ್ಪನವರಿಗೆ ಬಡ್ತಿ ಸಿಕ್ಕಿದೆ. ಈ ಅಭಿನಂದನ ಸಮಿತಿಯ ಸಹಕಾರ್ಯದರ್ಶಿಗಳು ಅವರೇ, ಸವಿನೆನಪು ಬೇಕೆಂದು ಕೋರಿದ ಕೈಯೂ ಅವರದೇ.

ಚೂಡಾಮಣಿಯವರು ಕೆಲಸ ಬಿಡುತ್ತಾರೆಂದು ಎಲ್ಲರೂ ಎಣಿಸಿದ್ದರು, ಬಿಡಲಿಲ್ಲ. ಪಾಠಕ್ಕೆ ಒಂದು ಹೊಸ ನಿಯಮ ಸೇರಿಸಿದರು. ಯಾರ ಭಯವನ್ನೇ ಆಗಲಿ ಆಧಾರವಿಲ್ಲದ್ದು ಎಂದು ಬರೆಯುವ ಮುಂಚೆ, ಅವನು ಹೆದರುವ ಜಾಗಕ್ಕೆ ನೀವೊಬ್ಬರೇ ಹೋಗಿ, ಒಳಗೆ ಏನು ನಡೆಯುತ್ತಿದೆಯೆಂದು ಕಣ್ಣಾರೆ ನೋಡಿ ಬನ್ನಿ. ನೀವು ಅವನನ್ನು ಕರೆದೊಯ್ಯುವ ದಿನ ನೀವೇ ಜೊತೆಗಿರಿ, ಕೊನೆಯ ಮೆಟ್ಟಿಲಿನ ತನಕ. ಇದನ್ನು ಅವರು ಎರಡೆರಡು ಸಲ ಹೇಳಿ ಬರೆಸುತ್ತಿದ್ದರು. ಹೊಸಬರಿಗೆ ಕಾರಣ ಗೊತ್ತಾಗುತ್ತಿರಲಿಲ್ಲ.

ರಜೆ ಸಿಕ್ಕಿದಾಗಲೆಲ್ಲ ಅವರು ಬೆಳಕವಾಡಿಯ ಬಸ್ಸು ಹತ್ತಿದರು. ಮೊದಮೊದಲು ಅವರನ್ನು ಕಂಡರೆ ಕೆಂಪಸಿದ್ದಯ್ಯ ಗದ್ದೆಗೆ ಹೊರಟುಬಿಡುತ್ತಿದ್ದ. ‘ಆವಮ್ಮ ರಸ್ತೆ ದಾಟಿ ಈಚೆಗೆ ಬರ್ಕೂಡ್ದು’ ಎಂದು ಹೆಂಡತಿಗೆ ಕಟ್ಟಪ್ಪಣೆ. ಆ ವರ್ಷವೆಲ್ಲ ಚೂಡಾಮಣಿಯವರು ರಸ್ತೆಯ ಆಚೆ ಬದಿಯಲ್ಲಿ ನಿಂತು ಶಿವನಂಜಮ್ಮನೊಡನೆ ಮಾತಾಡಿ ಹಿಂದಿರುಗಿದರು. ಅವನ ಕಾಲು ಊದಿಕೊಂಡಾಗ ಒಬ್ಬ ವೈದ್ಯರನ್ನು ಕಾಡಿ ಬೇಡಿ ಮನೆಗೇ ಕರೆತಂದರು. ವೈದ್ಯರು ಒಳಗೆ ಹೋದರು. ಇವರು ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಂತರು. ಕಾಲು ಉಳಿಯಿತು, ಕುಂಟು ಉಳಿಯಿತು. ಅಂದಿನಿಂದ ಬಣವೆಯ ತನಕ ಬರಲು ಅಪ್ಪಣೆಯಾಯಿತು. ಅಲ್ಲಿ ನಿಂತಾಗ ಶಿವನಂಜಮ್ಮ ಒಂದು ಲೋಟ ಮಜ್ಜಿಗೆ ತಂದುಕೊಡುತ್ತಾಳೆ. ಕುಡಿಯುವಾಗ ಇಬ್ಬರೂ ಮಕ್ಕಳ ಸುದ್ದಿ ಎತ್ತುವುದಿಲ್ಲ.

ಕಳೆದ ತಿಂಗಳು ಅವರು ನಿವೃತ್ತಿಯ ಸುದ್ದಿ ಹೇಳಲು ಹೋದಾಗ ಕೆಂಪಸಿದ್ದಯ್ಯ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಈ ಸಲ ಎದ್ದು ಹೋಗಲಿಲ್ಲ.

‘ಅಂಗಾರೆ ಇನ್ನು ಬರಾಕಿಲ್ವಾ?’ ಎಂದು ಹಗ್ಗವನ್ನೇ ನೋಡುತ್ತ ಕೇಳಿದ. ಮೂರು ವರ್ಷದಲ್ಲಿ ಅವರೊಡನೆ ಆಡಿದ ಮೊದಲ ಮಾತು.

‘ಬರ್ತೀನಪ್ಪ. ಇನ್ನೇನು ಕೆಲಸ ನನಗೆ?’

‘ಇಲ್ಲೀಗಂಟ ಬರೋವಾಗ ನಿಮ್ಗೆ ಬಯ ಆಯ್ತದಾ?’

‘ಆಗುತ್ತೆ.’

‘ಎಷ್ಟಾಣೆ?’

ಚೂಡಾಮಣಿಯವರು ‘ಹದಿನಾರಾಣೆ’ ಎಂದರು.

ಅವನು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿ, ಬಿಗಿದು, ನೋಡಿ, ‘ಜಗಲಿ ಮ್ಯಾಲೆ ಕೂತ್ಕಳಿ’ ಎಂದ. ‘ಒಳೀಕೆ ಮಾತ್ರ ಬರ್ಬೇಡಿ.’

ಅವರು ಕೂತರು.

ಇಂಥ ಸಂಪುಟಗಳಲ್ಲಿ ಹಿರಿಯರಿಗೆ ನೂರು ವರ್ಷ ಹಾರೈಸಿ, ವಿಶ್ರಾಂತಿ ಸುಖಮಯವಾಗಲಿ ಎಂದು ಮುಗಿಸುವುದು ವಾಡಿಕೆ. ಚೂಡಾಮಣಿಯವರಿಗೆ ವಿಶ್ರಾಂತಿ ಹಾರೈಸುವ ಧೈರ್ಯ ಈ ಲೇಖನಕ್ಕಿಲ್ಲ. ಸುಖವನ್ನಂತೂ ಅವರು ಒಪ್ಪಿಕೊಳ್ಳುವುದಿಲ್ಲ. ಆಯುಸ್ಸು ಮಾತ್ರ ಬೇಕೇ ಬೇಕು, ಆರೋಗ್ಯವೂ ಬೇಕು, ಬೆಳಕವಾಡಿಯ ಬಸ್ಸಿನಲ್ಲಿ ಕೂರಲು ಒಂದು ಜಾಗವೂ ಬೇಕು. ರಸ್ತೆಯಿಂದ ಜಗಲಿಗೆ ಬರಲು ಅವರಿಗೆ ಮೂರು ವರ್ಷ ಹಿಡಿದಿದೆ. ಆ ಮನೆಯ ಹೊಸಿಲು ಇನ್ನೂ ಬಾಕಿ ಇದೆ. ಅದನ್ನು ದಾಟಿ ಒಳಗೆ ಬನ್ನಿ ಎಂದು ಕೆಂಪಸಿದ್ದಯ್ಯ ಕರೆಯುವ ದಿನದ ತನಕ ಭಗವಂತ ಅವರನ್ನು ಉಳಿಸಲಿ.