ಕುತ್ತಿಗಿ ಮುಟ್ಟಬ್ಯಾಡ್ರಿ

ಗಜೇಂದ್ರಗಡದ ಹನುಮಂತಪ್ಪ ಕುಣಿಮಗ್ಗದಲ್ಲಿ ಕೂತನೆಂದರೆ ಲಾಳಿಗಿಂತ ಅವನ ಬಾಯಿಯೇ ಜೋರಾಗಿ ಓಡುತ್ತಿತ್ತು. ಓಣಿಯಲ್ಲಿ ಹೋಗುವವರನ್ನೆಲ್ಲ ಕಿಟಕಿಯಿಂದಲೇ ಕರೆದು ಮಾತಿಗೆಳೆಯುವನು, ಮಾತಾಡುತ್ತಲೇ ಬಲಗೈಯಿಂದ ಲಾಳಿಯ ಹಗ್ಗ ಜಗ್ಗುವನು. ಅಷ್ಟಾದರೂ ಸೀರೆಯ ಅಂಚು ಒಂದೆಳೆ ಆಚೀಚೆ ಆಗುತ್ತಿರಲಿಲ್ಲ. ಹೆಂಡತಿ ಚೌಡವ್ವ ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಡುವಳು. ಶಿರೋಳದಿಂದ ಸೊಸೆಯಾಗಿ ಬಂದಾಗಿನಿಂದ ಮನೆಯ ತೀರ್ಮಾನವೆಲ್ಲ ಅವಳದೇ. ಸೀರೆಗೆ ಯಾವ ಬಣ್ಣದ ನೂಲು, ಮಗಳು ಪೂಜಾಳನ್ನು ಯಾವ ಮನೆಗೆ ಕೊಡುವುದು, ಏನು ಕೇಳಿದರೂ ಹನುಮಂತಪ್ಪ, "ಆಕೀನ್ನ ಕೇಳ್ರಿ" ಎಂದು ನಕ್ಕುಬಿಡುವನು. ಅವಳಿಗೂ ಅದರ ಬಗ್ಗೆ ಒಳಗೊಳಗೇ ಹೆಮ್ಮೆ.

ತಂಬಾಕಿನ ವಿಷಯದಲ್ಲಿ ಮಾತ್ರ ಅವಳ ಮಾತು ನಡೆಯಲಿಲ್ಲ. ಸುಣ್ಣ ಹಚ್ಚಿ ತಿಕ್ಕಿ ದವಡೆಯ ಸಂದಿಗೆ ಇಟ್ಟುಕೊಳ್ಳದೆ ಅವನ ಕೈ ಮಗ್ಗಕ್ಕೆ ಹೋಗುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಅವನ ನಾಲಿಗೆಯ ಬದಿಗೆ ಹುಣ್ಣಾಯಿತು. ಚೌಡವ್ವ ಜೇನುತುಪ್ಪ ಹಚ್ಚಿದಳು, ಖಾರ ಬಿಡಿಸಿದಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟಳು. ದೀಪಾವಳಿ ಬಂದರೂ ಮಾಯಲಿಲ್ಲ. ಕೊನೆಗೆ ಮೈದುನ ಶ್ರೀಧರ ಜಗಳ ತೆಗೆದು ಇಬ್ಬರನ್ನೂ ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದ. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದವರು ಕ್ಯಾನ್ಸರ್ ಎಂದರು. ಆಮೇಲೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಹೊರಗೆ ಬಂದ ಹನುಮಂತಪ್ಪ, "ಏನ್ ಸಪ್ಪಳವ್ವಾ ಅದು! ಪವರ್‌ಲೂಮಿನ ಬುಡಕ ಮಲಗಿದಂಗಾತು" ಎಂದು ತೊದಲುತ್ತಲೇ ನಗಿಸಿದ.

ಡಾಕ್ಟರಮ್ಮ ಧಾರವಾಡದ ಕಡೆಯವಳು. ಕಂಪ್ಯೂಟರಿನಲ್ಲಿ ಸ್ಕ್ಯಾನ್ ತೋರಿಸಿ ನಿಧಾನವಾಗಿ ಹೇಳಿದಳು.

"ಮ್ಯಾಲ ಕಾಣೂ ಹುಣ್ಣು ಸಣ್ಣದೈತಿ. ಆದ್ರ ಇಲ್ಲಿ ನೋಡ್ರಿ, ಒಳಗ ಭಾಳ ಆಳಕ್ಕ ಇಳದೈತಿ. ಹಿಂಗ ಇಳದದ್ದು ಕುತ್ತಿಗ್ಯಾಗಿನ ಗ್ರಂಥಿಗೆ ಹಬ್ಬಿ ಗಂಟಾಗೂದು ಹೆಚ್ಚು. ನಾಲಿಗಿ ಜೋಡಿ ಕುತ್ತಿಗೀನೂ ತೆರದು ಆ ಗ್ರಂಥಿ ತಗಿಯೂದು ಚಲೋ."

"ಈಗ ಗಂಟು ಕಾಣತಾವೇನ್ರಿ?" ಚೌಡವ್ವ ಕೇಳಿದಳು.

"ಇನ್ನೂ ಕಾಣವಲ್ವು. ಸಣ್ಣದಿದ್ರ ಸ್ಕ್ಯಾನಿಗೂ ಸಿಗೂದಿಲ್ಲ. ಹುಣ್ಣಿನ ಆಳ ನೋಡಿ ಅಂದಾಜಿನ ಮ್ಯಾಲ ಹೇಳತೀನಿ."

"ಕುತ್ತಿಗಿ ತೆರದ್ರ ಕೈಗೇನರ ಆಗತೈತೇನ್ರಿ?"

"ಕೆಲವೊಬ್ಬರಿಗೆ ಆ ಕಡೀ ಭುಜದ ಶಕ್ತಿ ಕಡಿಮಿ ಆಗತೈತಿ. ವ್ಯಾಯಾಮ ಮಾಡಿಸಿದ್ರ ಸುಧಾರಿಸಬಹುದು."

ಹುಣ್ಣು ಇದ್ದದ್ದು ಬಲಗಡೆಗೆ. ಚೌಡವ್ವನ ಕಣ್ಣ ಮುಂದೆ ಹಗ್ಗ ಜಗ್ಗುವ ಬಲಗೈ ಬಂದು ನಿಂತಿತು. ಮಗ್ಗವಿಲ್ಲದ ಗಂಡನನ್ನು ಅವಳು ನೋಡಿಯೇ ಇರಲಿಲ್ಲ. ಶ್ರೀಧರ ಪಕ್ಕಕ್ಕೆ ಕರೆದು, "ವೈನಿ, ಅವರು ಓದಿದವರು, ಅವರು ಹೇಳಿದಂಗ ಮಾಡೂಣು" ಎಂದ. ಹನುಮಂತಪ್ಪ ಡಾಕ್ಟರಮ್ಮನ ಮುಖವನ್ನೂ ನೋಡಲಿಲ್ಲ, ಸ್ಕ್ಯಾನನ್ನೂ ನೋಡಲಿಲ್ಲ.

"ಆಕೀನ್ನ ಕೇಳ್ರಿ" ಎಂದ.

"ಇಲ್ಲದ್ದನ್ನ ಯಾಕ ಕೊಯ್ಯೂದ್ರಿ?" ಎಂದಳು ಚೌಡವ್ವ. "ನಾಲಿಗೀದಷ್ಟ ತಗೀರಿ. ಕುತ್ತಿಗಿ ಮುಟ್ಟಬ್ಯಾಡ್ರಿ."

ಡಾಕ್ಟರಮ್ಮ ಮತ್ತೆ ಮತ್ತೆ ತಿಳಿಸಿ ಹೇಳಿ ನೋಡಿದಳು. ಚೌಡವ್ವ ಜಗ್ಗಲಿಲ್ಲ. ತಪ್ಪದೆ ತೋರಿಸಲು ಬರಬೇಕು ಎಂದು ಮಾತು ತೆಗೆದುಕೊಂಡು ನಾಲಿಗೆಯ ಆಪರೇಶನ್ ಅಷ್ಟೇ ಮಾಡಿದರು.

ಹನುಮಂತಪ್ಪ ಮತ್ತೆ ಮಗ್ಗಕ್ಕೆ ಕೂತ. ಮಾತು ಮುದ್ದೆಯಾಗಿತ್ತು, ಆದರೆ ಕೈ ಮೊದಲಿನಂತೆಯೇ ಇತ್ತು. ತಂಬಾಕೂ ಬಿಟ್ಟಿದ್ದ. ನೋಡಲು ಬಂದವರಿಗೆಲ್ಲ ಚೌಡವ್ವ, "ನಾ ಬ್ಯಾಡ ಅಂದದ್ದಕ್ಕ ಕೈ ಉಳೀತ್ ನೋಡ್ರಿ" ಎನ್ನುವಳು. ಡಾಕ್ಟರಮ್ಮನಿಗೆ ಒಮ್ಮೆ ಹೋಗಿ ತೋರಿಸಿ ಬಂದರು. ಮುಂದಿನ ಸಲ ಮದುವೆ ಸೀರೆಗಳ ಅವಸರದಲ್ಲಿ ಹೋಗುವುದು ತಪ್ಪಿಹೋಯಿತು.

ಯುಗಾದಿಯ ದಿನ ಮೈಗೆ ಎಣ್ಣೆ ಹಚ್ಚುವಾಗ ಬಲದವಡೆಯ ಕೆಳಗೆ ಹುಣಸೆಬೀಜದಷ್ಟು ಗಟ್ಟಿಯಾದದ್ದೊಂದು ಅವಳ ಬೆರಳಿಗೆ ಸಿಕ್ಕಿತು. ಕೈ ಅಲ್ಲೇ ನಿಂತಿತು. "ಯಾಕ?" ಎಂದ ಹನುಮಂತಪ್ಪ. "ಏನಿಲ್ಲ, ನರ" ಎಂದಳು. ನರವೇ ಇರಲಿ ಎಂದು ದೇವರಿಗೆ ಹರಕೆ ಹೊತ್ತಳು. ಯಾರಿಗೂ ಹೇಳಲಿಲ್ಲ. ಅದು ಶ್ರೀಧರನ ಕಣ್ಣಿಗೆ ಬೀಳುವ ಹೊತ್ತಿಗೆ ಅಡಿಕೆಯಷ್ಟು ಬೆಳೆದಿತ್ತು.

ಹೊಸ ಸ್ಕ್ಯಾನಿನಲ್ಲಿ ಕುತ್ತಿಗೆಯ ತುಂಬ ಗಂಟುಗಳಿದ್ದವು. ಈ ಸಲ ಕುತ್ತಿಗೆಯನ್ನು ತೆರೆಯಲೇಬೇಕಾಯಿತು. ಗಂಟುಗಳು ಭುಜಕ್ಕೆ ಹೋಗುವ ನರಕ್ಕೆ ಅಂಟಿಕೊಂಡಿದ್ದರಿಂದ ಅದನ್ನೂ ಉಳಿಸಲಾಗಲಿಲ್ಲ. ಬಲಗೈ ಭುಜಕ್ಕಿಂತ ಮೇಲೆ ಏಳದಾಯಿತು.

ಚೌಡವ್ವ ಡಾಕ್ಟರಮ್ಮನನ್ನು ಒಬ್ಬಳೇ ಕಂಡಳು. "ಆಗ ತಗಿಸಿದ್ರ ಹಿಂಗ ಆಗತಿದ್ದಿಲ್ಲೇನ್ರಿ?"

"ಖಾತ್ರಿ ಹೇಳಾಕ ಬರೂದಿಲ್ಲವ್ವ. ಆದ್ರ ಆಗ ಅವಕಾಶ ಚಲೋ ಇತ್ತು."

ಆಕೆ ಬೈದಿದ್ದರೆ ಚೌಡವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ, ಅವಳ ಕೈ ಹಿಡಿದುಕೊಂಡು ಕೂತಳು.

ರೇಡಿಯೇಶನ್ನಿನ ಕರೆಂಟು ಕೊಡಿಸಿದ್ದಾಯಿತು, ನರಕ್ಕೆ ಕೀಮೋ ಔಷಧ ಹನಿಸಿದ್ದಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹನುಮಂತಪ್ಪ ಗಂಜಿಯನ್ನೂ ನುಂಗದಾದ. ಅವಳನ್ನು ಮಾತ್ರ ಒಂದು ದಿನವೂ ದೂರಲಿಲ್ಲ. ಒಂದು ಮಧ್ಯಾಹ್ನ ಅವಳ ಸೆರಗು ಹಿಡಿದು ಏನೋ ಹೇಳಿದ. ತಿಳಿಯಲಿಲ್ಲ. "ಏನ್ರಿ?" ಎಂದು ಬಾಗಿದಳು. ಮತ್ತೆ ಹೇಳಿದ. ಆಗಲೂ ತಿಳಿಯಲಿಲ್ಲ. ಅವನು ದಣಿದು, ಎಡಗೈ ಆಡಿಸಿ, ಹೋಗಲಿ ಬಿಡು ಎನ್ನುವಂತೆ ಕಣ್ಣು ಮುಚ್ಚಿದ. ಮರುದಿನ ಹೋಗಿಬಿಟ್ಟ.

ಈಗ ಶ್ರೀಧರ ನೇಯುತ್ತಾನೆ, ಅವಳು ನೂಲು ಸುತ್ತುತ್ತಾಳೆ. ಕೆಲಸದ ನಡುವೆ ಒಮ್ಮೊಮ್ಮೆ ಕೈ ನಿಲ್ಲಿಸಿ ಕೇಳುತ್ತಾಳೆ: "ಅವತ್ತ ಅವರು ಏನಂದಿರಬೇಕೋ?"

"ನೀರು ಕೇಳಿರಬೇಕ್ ಬಿಡು ವೈನಿ" ಎನ್ನುತ್ತಾನೆ ಶ್ರೀಧರ.

ಚೌಡವ್ವ ಹೂಂ ಎನ್ನುತ್ತಾಳೆ. ಆದರೆ ಅವತ್ತು ಅವಳು ಅವನ ತುಟಿಗೆ ನೀರು ಹಿಡಿದಿದ್ದಳು. ಅವನು ಬಾಯಿ ತೆರೆದಿರಲಿಲ್ಲ.